ಗಾಳಿ ಬಿದ್ದ ಬೇಸಿಗೆ

ಹೋದ ಮಾರ್ಚ್ ತಿಂಗಳಲ್ಲಿ ನಾನೂ ನನ್ನ ಗಂಡನೂ ತಳಿ ರಸ್ತೆಯಲ್ಲಿ ಒಂದು ಸೈಟು ನೋಡಲು ಹೋಗಿದ್ದೆವು. ಮುಖ್ಯರಸ್ತೆ ಬಿಟ್ಟು ಮಣ್ಣುದಾರಿಯಲ್ಲಿ ಎರಡು ತಿರುವು ದಾಟಿದ ಮೇಲೆ ಬ್ರೋಕರು ಕಾರು ನಿಲ್ಲಿಸಿದ. ಎರಡು ಬೋಳುಗುಡ್ಡಗಳ ನಡುವೆ ಉದ್ದಕ್ಕೆ ಚಾಚಿಕೊಂಡ ಜಮೀನು, ಸಾಲಾಗಿ ಸುಣ್ಣ ಬಳಿದ ಗಡಿಕಲ್ಲು. ಆಚೆ ತುದಿಯಲ್ಲಿ ಒಂದು ಮಣ್ಣಿನ ದಿಬ್ಬ ಹುಲ್ಲು ಬೆಳೆದುಕೊಂಡು ಅಡ್ಡಕ್ಕೆ ಬಿದ್ದಿತ್ತು. ಅದೇನೆಂದು ನನ್ನ ಗಂಡ ಕೇಳಿದರು.

“ಹಳೇ ಕುಂಟೆ ಕಟ್ಟೆ ಸಾರ್. ಜೆಸಿಬಿ ತಂದು ಒಂದೇ ದಿವ್ಸದಲ್ಲಿ ಮಟ್ಟ ಮಾಡ್ಬುಡ್ತೀವಿ.”

ಅದು ನೀರು ನಿಲ್ಲಿಸುವ ಕುಂಟೆಯ ಕಟ್ಟೆಯಾಗಿರಲಿಲ್ಲ. ಮಧ್ಯಾಹ್ನ ಹನ್ನೆರಡರ ಬಿಸಿಲು. ನೆಲದಿಂದ ಎದ್ದ ಕಾವು ದಿಬ್ಬದ ಅಂಚನ್ನು ಅಲ್ಲಾಡಿಸುತ್ತಿತ್ತು. ಅಲೆಗಳು ಎಡದಿಂದ ಬಲಕ್ಕೆ ವಾಲಿದ್ದವು, ನಿಧಾನವಾಗಿದ್ದವು. ಬೇಡವೆಂದರೂ ಕಣ್ಣು ತಾನೇ ಅದನ್ನು ಓದಿತು. ನಾನು ವಾಪಸು ಹೋಗಿ ಕಾರಿನಲ್ಲಿ ಕೂತೆ. ಯಾಕೆಂದು ನನ್ನ ಗಂಡನಿಗೆ ಅಲ್ಲಿ ಹೇಳಲಾಗಲಿಲ್ಲ, ಮನೆಗೆ ಬಂದ ಮೇಲೆ ಹೇಳಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಬೇಸಿಗೆಯ ಮಾತನ್ನು ನಾನು ಒಮ್ಮೆಯೂ ಎತ್ತಿರಲಿಲ್ಲ.

ಅದು ಎರಡು ಸಾವಿರದ ಐದರ ಬೇಸಿಗೆ. ನನಗೆ ಇಪ್ಪತ್ನಾಲ್ಕು. ಮುಳಬಾಗಿಲು ಕಡೆಯ ಹಳ್ಳಿಯಿಂದ ಬಂದು ತಮಿಳುನಾಡಿನ ಗಡಿಯ ಹೊಸೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಸೂಜಿಗಿಂತ ಸಣ್ಣ ಉಕ್ಕಿನ ಪಿನ್ನುಗಳನ್ನು ಲೆನ್ಸಿನಡಿ ಇಟ್ಟು ಬಿರುಕು, ಗೀರು ಹುಡುಕುವುದು ನನ್ನ ಕೆಲಸ. ದಿನಕ್ಕೆ ಎಂಟು ಗಂಟೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವುದು. ಮೂಕಂಡಪಲ್ಲಿಯ ಒಂದು ವಠಾರದಲ್ಲಿ ನಾವು ನಾಲ್ಕು ಹುಡುಗಿಯರು ಒಂದೇ ಕೋಣೆಯಲ್ಲಿದ್ದೆವು. ಇಬ್ಬರು ತಮಿಳರು, ಒಬ್ಬಳು ಕುಪ್ಪದ ತೆಲುಗಿನವಳು. ಒಲೆಯ ಮುಂದೆ ಮೂರೂ ಭಾಷೆ ನಡೆಯುತ್ತಿತ್ತು.

ಕಾರ್ಖಾನೆಯ ಸೆಕ್ಯೂರಿಟಿ ಮುಖ್ಯಸ್ಥರಾಗಿದ್ದವರು ಮಾಚಯ್ಯ. ಕೊಡಗಿನವರು, ಸೇನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಐವತ್ತಾರು ವಯಸ್ಸು, ಬೆನ್ನು ಗೋಡೆಯ ಹಾಗೆ ನೆಟ್ಟಗೆ. ಒಂದು ದಿನ ಅವರು ನಮ್ಮ ವಿಭಾಗಕ್ಕೆ ಒಂದು ದೊಡ್ಡ ದುರ್ಬೀನು ಹೊತ್ತುಕೊಂಡು ಬಂದರು. ಒಳಗೆ ಏನೋ ಕಪ್ಪು ಚುಕ್ಕೆ ಕಾಣುತ್ತದೆ, ಯಾವ ಗಾಜಿನ ಮೇಲೆ ಎಂದು ತಿಳಿಯುತ್ತಿಲ್ಲ ಎಂದರು. ನಾನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಕಣ್ಣಿಡುವ ಕಡೆಯಿಂದ ಎರಡನೇ ಗಾಜು ಎಂದೆ. ಬಿಚ್ಚಿಸಿದಾಗ ಅಲ್ಲೇ ಇತ್ತು. ಮರುದಿನ ಗೇಟಿನ ಹತ್ತಿರ ಕೇಳಿದರು.

“ಭಾನುವಾರ ಬಿಡುವಿದೆಯಾ ಸುನಂದ? ಒಂದು ಕಣ್ಣಿನ ಕೆಲಸ ಇದೆ. ನನ್ನ ಹೆಂಡತಿಯೂ ಜೊತೆಗೆ ಬರ್ತಾಳೆ.”

ಅವರ ಹೆಂಡತಿ ಮೊದಲ ಎರಡು ವಾರ ನಿಜವಾಗಿಯೂ ಬಂದರು, ನಮ್ಮ ವಠಾರದವರು ನೋಡಲೆಂದೇ ಜೀಪಿನಿಂದ ಇಳಿದು ನನ್ನನ್ನು ಕರೆದುಕೊಂಡು ಹೋದರು.

ಮಾಚಯ್ಯನವರು ದೂರದ ಗುರಿಗೆ ಗುಂಡು ಹೊಡೆಯುವ ಸ್ಪರ್ಧೆಗಳಿಗೆ ಹೋಗುತ್ತಿದ್ದರು. ತಳಿ ರಸ್ತೆಯ ಆ ಗುಡ್ಡಗಳ ನಡುವೆ ಒಂದು ಖಾಸಗಿ ಕ್ಲಬ್ಬಿನ ಅಭ್ಯಾಸದ ಬಯಲಿತ್ತು. ಈ ತುದಿಯಲ್ಲಿ ಚಾಪೆ ಹಾಸಿ ಬೋರಲು ಮಲಗಿ ಹೊಡೆಯಬೇಕು. ಗುರಿ ಆರುನೂರು ಗಜ ಆಚೆ. ಅಲ್ಲಿ ನೆಲದಲ್ಲಿ ಒಂದು ಉದ್ದನೆಯ ಗುಂಡಿ, ಮುಂದೆ ಕಲ್ಲಿನ ಗೋಡೆ, ಹಿಂದೆ ಗುಂಡುಗಳನ್ನು ತಡೆಯುವ ಮಣ್ಣಿನ ದಿಬ್ಬ. ಗುಂಡಿಯಲ್ಲಿ ಕೂತ ಒಬ್ಬ ಮನುಷ್ಯ ಹಗ್ಗ ಎಳೆದು ಬಟ್ಟೆಯ ಗುರಿಯನ್ನು ಗೋಡೆಯ ಮೇಲಕ್ಕೆ ಎತ್ತುತ್ತಾನೆ. ಗುಂಡು ಬಿದ್ದ ಮೇಲೆ ಕೆಳಗಿಳಿಸಿ, ತೂತಿಗೆ ಕಾಗದ ಅಂಟಿಸಿ, ಮತ್ತೆ ಎತ್ತಿ, ಎಲ್ಲಿ ಬಿತ್ತೆಂದು ಕೋಲಿನ ತುದಿಯ ತಟ್ಟೆಯಿಂದ ತೋರಿಸುತ್ತಾನೆ. ಅವನು ಮೇಲೆ ಬರಬೇಕಾದರೆ ಮೊದಲು ಕೆಂಪು ಬಾವುಟ ಎತ್ತಬೇಕು. ಬಾವುಟ ಎದ್ದರೆ ಈ ಕಡೆ ಯಾರೂ ಬಂದೂಕು ಮುಟ್ಟಕೂಡದು.

ಆ ಮನುಷ್ಯ ಮುನಿಯಪ್ಪ. ಬಯಲಿನ ಪಕ್ಕದ ಊರಿನವರು, ನಲವತ್ತೈದರ ಹತ್ತಿರ. ವಾರವೆಲ್ಲ ರಾಗಿ, ಅವರೆ, ಎರಡು ಸೀಮೆಹಸು ನೋಡಿಕೊಂಡು ಭಾನುವಾರ ಗುಂಡಿಗೆ ಇಳಿಯುತ್ತಿದ್ದರು. ಊಟದ ಹೊತ್ತಿಗೆ ಅಷ್ಟು ದೂರ ನಡೆದು ಬಂದು ನಮ್ಮ ಜೊತೆ ಹೊಂಗೆ ಮರದ ಕೆಳಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಒಮ್ಮೆ ನಾನು ಕೊಟ್ಟ ದುರ್ಬೀನಿನಲ್ಲಿ ನೋಡಿ ನಕ್ಕರು.

“ಇದು ಬಿಸಿಲ್ಗುದ್ರೆ ಕಣಮ್ಮಣ್ಣಿ. ದನ ಮೇಯ್ಸೋವಾಗ ದಿನಾ ನೋಡ್ತಿದ್ವಿ. ಇದ್ನ ನೋಡಕ್ಕೆ ಈಟು ದೊಡ್ಡ ಕೊಳ್ವೆ ಬೇಕಾ?”

ಬೇಕಿತ್ತು. ಅದೇ ನನ್ನ ಕೆಲಸವಾಗಿತ್ತು. ಆರುನೂರು ಗಜ ಹೋಗುವಷ್ಟರಲ್ಲಿ ಗುಂಡನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಮಲಗಿದವನ ಕೆನ್ನೆಗೆ ತಾಗುವ ಗಾಳಿಯೇ ನಡುದಾರಿಯಲ್ಲೂ ಬೀಸುತ್ತಿರುತ್ತದೆ ಎಂದೇನಿಲ್ಲ. ನಡುದಾರಿಯ ಗಾಳಿಯನ್ನು ತೋರಿಸುವುದು ನೆಲದ ಕಾವು. ಮಾಚಯ್ಯನವರು ಮೊದಲ ದಿನವೇ ಕಲಿಸಿದರು: ದುರ್ಬೀನನ್ನು ಗುರಿಗೆ ಹೊಂದಿಸಿ, ಅಕ್ಷರ ಓದುವಷ್ಟು ಸ್ಪಷ್ಟ ಆಗಲಿ. ಈಗ ಫೋಕಸ್ ಹೊಂದಿಸುವ ರಿಂಗನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ. ಗುರಿ ಮಸುಕಾಗುತ್ತದೆ, ನಡುವಿನ ಕಾವು ಕಾಣುತ್ತದೆ. ನಿಜವಾಗಿಯೂ ಕಂಡಿತು. ತಿಳಿನೀರು ಕಲ್ಲಿನ ಮೇಲೆ ಹರಿದ ಹಾಗೆ ಅಲೆ. ಗಾಳಿ ಮೆಲ್ಲಗಿದ್ದರೆ ಅಲೆಗಳು ದೊಡ್ಡವು, ಬೀಸುವ ಕಡೆಗೆ ಸೋಮಾರಿಯಂತೆ ವಾಲುತ್ತವೆ. ಜೋರಾದರೆ ಚಪ್ಪಟೆಯಾಗಿ ಓಡುತ್ತವೆ. ಗಾಳಿ ನಿಂತರೆ ನೆಟ್ಟಗೆ ಮೇಲಕ್ಕೆ, ಎಸರು ಕುದಿದ ಹಾಗೆ. ಅದಕ್ಕೆ ನಾವು ಕುದಿ ಎಂದೇ ಹೆಸರಿಟ್ಟಿದ್ದೆವು.

“ಗಾಳಿ ಓದಿದ ಮೇಲೆ ರಿಂಗು ಮುಂದಕ್ಕೆ ತಿರುಗಿಸಿ ಒಂದು ಸಲ ಗುರಿ ನೋಡಬೇಕು,” ಎಂದರು ಅವರು. “ಗುರಿ ನೋಡಿ, ಬಾವುಟ ಇಲ್ಲ ಅಂತ ನೋಡಿ, ಆಮೇಲೆ ‘ಸರಿ’ ಅನ್ನಬೇಕು. ನನ್ನ ಬಂದೂಕಿಗೆ ಲೆನ್ಸಿಲ್ಲ. ನನಗೆ ಗುರಿ ಒಂದು ಕರಿ ಚುಕ್ಕೆ, ಅಷ್ಟೆ. ನಿಮ್ಮ ‘ಸರಿ’ ಮೇಲೆ ನಾನು ಬೆರಳು ಒತ್ತೋದು. ಗೊತ್ತಾಯ್ತಾ?”

ಗೊತ್ತಾಯಿತು ಎಂದೆ. ಫೆಬ್ರವರಿ, ಮಾರ್ಚ್ ಎರಡೂ ತಿಂಗಳು ಒಂದು ಸಲವೂ ತಪ್ಪಲಿಲ್ಲ. ರಿಂಗು ಹಿಂದಕ್ಕೆ, ಗಾಳಿ, ರಿಂಗು ಮುಂದಕ್ಕೆ, ಗುರಿ, ಸರಿ.

ಮುನಿಯಪ್ಪ ಇನ್ನೊಂದು ಬಗೆಯಲ್ಲಿ ಕಲಿಸಿದರು. “ಗಾಳಿ ಬೀಳೋಕ್ಮುಂಚೆ ಹೇಳಿ ಬೀಳ್ತದೆ. ಮೊದ್ಲು ಹೊಂಗೆ ಎಲೆ ನಿಲ್ತದೆ, ಆಮೇಕೆ ಹುಲ್ಲು. ರಾಗಿ ತೂರಕ್ಕೆ ಮೊರ ಎತ್ಕೊಂಡು ನಿಂತೋನಿಗೆ ಇದು ಗೊತ್ತಾಗ್ಬೇಕು. ಇಲ್ದಿದ್ರೆ ಹೊಟ್ಟು ಪೂರಾ ಕಣ್ಣಿಗೆ.” ನಾನು ದುರ್ಬೀನಿನ ಪಕ್ಕದಿಂದ ಎಡಗಣ್ಣಲ್ಲಿ ಹೊಂಗೆ ಎಲೆ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ಅವರು ಹೇಳಿದ್ದು ಎಷ್ಟೋ ಸಲ ಸರಿಯಾಗುತ್ತಿತ್ತು.

ಆ ವರ್ಷ ಸುಗ್ಗಿಯ ಹೊತ್ತಿನಲ್ಲಿ ಜವಳಗಿರಿ ಕಾಡಿನಿಂದ ಇಳಿದ ಆನೆಗಳು ಬಯಲನ್ನೂ ಹಾದುಹೋಗಿದ್ದವು. ಗುಂಡಿಯ ಪಕ್ಕದ ಎತ್ತರದ ಬಾವುಟದ ಕಂಬವನ್ನು ಒಂದಾನೆ ಮುರಿದು ಹಾಕಿತ್ತು. ಹೊಸ ಕಬ್ಬಿಣದ ಕಂಬ ಬರುತ್ತದೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಪ್ರತಿ ವಾರ ಹೇಳುತ್ತಿದ್ದರು. ಅಲ್ಲಿಯವರೆಗೆ ಮುನಿಯಪ್ಪ ಒಂದು ಮೋಟು ಬಿದಿರಿಗೆ ಕೆಂಪು ಬಟ್ಟೆ ಕಟ್ಟಿಕೊಂಡಿದ್ದರು. ಗುಂಡಿಯಲ್ಲಿದ್ದ ವಾಕಿಟಾಕಿ ಕೆಟ್ಟು ರಿಪೇರಿಗೆ ಹೋಗಿತ್ತು. ಬಾವುಟ ಇದೆಯಲ್ಲ, ಸಾಕು ಎಂದರು ಕಾರ್ಯದರ್ಶಿ. ನಾವೂ ಯಾರೂ ಸಾಲದು ಎನ್ನಲಿಲ್ಲ.

ಏಪ್ರಿಲ್ ಬಂತು. ಗುಡ್ಡಗಳ ಬಂಡೆ ಕಾದು ಗಾಳಿ ಹುಚ್ಚಾಯಿತು. ಐದು ನಿಮಿಷ ಎಡದಿಂದ, ಐದು ನಿಮಿಷ ಬಲದಿಂದ. ಜೂನಿನಲ್ಲಿ ದೊಡ್ಡ ಸ್ಪರ್ಧೆ ಇತ್ತು. ಅದೇ ತಮ್ಮ ಕೊನೆಯದು ಎಂದು ಮಾಚಯ್ಯನವರು ನಿರ್ಧರಿಸಿದ್ದರು, ಎಡಗಣ್ಣಿನಲ್ಲಿ ಪೊರೆ ಶುರುವಾಗಿತ್ತು. ಗಾಳಿ ದಿಕ್ಕು ಬದಲಿಸುವ ಮುಂಚೆ ನಾಲ್ಕೈದು ಸೆಕೆಂಡು ಪೂರ್ತಿ ನಿಲ್ಲುತ್ತಿತ್ತು. ಕುದಿಯಲ್ಲಿ ಹೊಡೆಯಬಾರದು, ಗಾಳಿ ಯಾವ ಕಡೆ ತಿರುಗುತ್ತದೋ ತಿಳಿಯುವುದಿಲ್ಲ ಎಂದು ಬೇರೆ ಶೂಟರ್‌ಗಳು ಹೇಳುತ್ತಿದ್ದರು. ಆದರೆ ಎರಡೂ ದಿಕ್ಕಿನ ಲೆಕ್ಕ ಹಾಕಿ ಪ್ರತಿ ಸಲ ಬಂದೂಕಿನ ಗುರಿ ಹೊಂದಿಸುವ ತಿರುಪು ಬದಲಿಸುವುದಕ್ಕಿಂತ ಕುದಿಯನ್ನೇ ಹಿಡಿಯೋಣ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಅದಕ್ಕೆ ಕುದಿ ಬರುತ್ತಿದೆ ಎಂದು ಒಂದು ಕ್ಷಣ ಮುಂಚೆ ತಿಳಿಯಬೇಕು. ನನಗೆ ತಿಳಿಯುತ್ತಿತ್ತು. ಮೂರು ವಾರದಲ್ಲಿ ಅವರ ಗುಂಡುಗಳು ಒಂದು ಊಟದ ತಟ್ಟೆಯಗಲದೊಳಗೆ ಬೀಳತೊಡಗಿದವು. ಸೇನೆಯಲ್ಲೂ ಇಂಥ ಕಣ್ಣು ನೋಡಿಲ್ಲ ಎಂದು ಅವರು ಎಲ್ಲರ ಮುಂದೆ ಹೇಳಿದರು. ಕಾರ್ಖಾನೆಯಲ್ಲಿ ನನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಆ ವಾರವೆಲ್ಲ ಪಿನ್ನುಗಳನ್ನು ನೋಡುವಾಗಲೂ ನನಗೆ ಅದೇ ಮಾತು ಕೇಳುತ್ತಿತ್ತು.

ಏಪ್ರಿಲಿನ ಕೊನೆಯ ಭಾನುವಾರ. ಹನ್ನೊಂದೂವರೆ. ಉಳಿದವರೆಲ್ಲ ಮುಗಿಸಿ ಶಾಮಿಯಾನದ ನೆರಳಿಗೆ ಹೋಗಿದ್ದರು. ಹತ್ತು ಗುಂಡು ಹೊಡೆಯಬೇಕಿತ್ತು, ಹೊಡೆದ ಎಂಟೂ ಮಧ್ಯದ ಕರಿಯಲ್ಲಿ ಕೂತಿದ್ದವು. ಎಂಟನೆಯದಾದ ಮೇಲೆ ಗುರಿ ಕೆಳಗಿಳಿದು ಮೇಲೆ ಬಂತು, ಮುನಿಯಪ್ಪ ತಟ್ಟೆ ತೋರಿಸಿದರು. ಅಷ್ಟರಲ್ಲಿ ಬಲದಿಂದ ಗಾಳಿ ಎದ್ದಿತು. ಕಾಯೋಣ ಎಂದರು ಮಾಚಯ್ಯ. ಕಾದೆವು. ಅವರು ಬಂದೂಕಿನ ಮೇಲೆ ಕೆನ್ನೆಯಿಟ್ಟು ಕದಲದೆ ಮಲಗಿದ್ದರು, ಅವರ ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ನಾನು ರಿಂಗು ಹಿಂದಕ್ಕೆ ತಿರುಗಿಸಿಕೊಂಡು ಅಲೆಗಳನ್ನೇ ನೋಡುತ್ತಿದ್ದೆ. ಮೂರು ನಿಮಿಷವೋ ನಾಲ್ಕೋ. ಅಷ್ಟು ಹೊತ್ತೂ ಗುರಿ ನನಗೆ ಮಸುಕಾದ ಒಂದು ಬಿಳಿ ಚೌಕ.

ಹೊಂಗೆ ಎಲೆ ನಿಂತಿತು. ಅಲೆಗಳು ನಿಧಾನವಾದವು, ತಲೆಯೆತ್ತಿದವು, ನೆಟ್ಟಗೆ ಕುದಿಯತೊಡಗಿದವು. ಅಂಥ ತಿಳಿಯಾದ ಕುದಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ರಿಂಗು ತಿರುಗಿಸಿ ನೋಡಲು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಕುದಿ ಮುಗಿದರೆ ಎಂದುಕೊಂಡೆ. “ಸರಿ” ಎಂದುಬಿಟ್ಟೆ.

ಗುಂಡು ಹಾರಿತು. ಆಮೇಲೆ ರಿಂಗು ತಿರುಗಿಸಿದೆ.

ಗುರಿಯ ಚೌಕಟ್ಟು ಒಂದು ಕಡೆಗೆ ವಾಲಿತ್ತು. ಅದರ ಬಲ ಅಂಚನ್ನು ಹಿಂದಿನಿಂದ ಹಿಡಿದ ನಾಲ್ಕು ಬೆರಳು ಕಂಡವು. ಪಕ್ಕದಲ್ಲಿ ಮೋಟು ಬಿದಿರು ನೆಟ್ಟಗೆ ನಿಂತಿತ್ತು. ಕೆಂಪು ಬಟ್ಟೆ ಗಾಳಿಯಿಲ್ಲದೆ ಕೋಲಿಗೆ ಅಂಟಿಕೊಂಡು ಜೋತುಬಿದ್ದಿತ್ತು. ನಾನು ನೋಡುತ್ತಿದ್ದಂತೆ ಬೆರಳುಗಳು ಜಾರಿ ಕೆಳಗೆ ಹೋದವು. ಎಡದಿಂದ ಹೊಸ ಗಾಳಿ ಬಂತು, ಬಟ್ಟೆಯ ತುದಿ ಮೆಲ್ಲಗೆ ಬಿಚ್ಚಿಕೊಂಡಿತು.

ನಾನು ಕೂಗಿದ್ದು ನನಗೆ ನೆನಪಿಲ್ಲ. ಎಲ್ಲರೂ ಓಡಿದರು. ಆರುನೂರು ಗಜ ಬಿಸಿಲಲ್ಲಿ ಓಡುವುದು ಎಷ್ಟು ದೂರ ಎಂಬುದು ಅವತ್ತು ತಿಳಿಯಿತು. ನಾನು ತಲುಪುವಷ್ಟರಲ್ಲಿ ಮುನಿಯಪ್ಪನವರನ್ನು ಗುಂಡಿಯಿಂದ ಎತ್ತಿ ಮಲಗಿಸಿದ್ದರು. ಗುಂಡು ಬಟ್ಟೆಯನ್ನು ದಾಟಿ ಬಲಗಡೆಯ ಎದೆಯ ಮೇಲ್ಭಾಗಕ್ಕೆ ಹೊಕ್ಕಿತ್ತು. ಗುರಿ ಎತ್ತುವ ಹಗ್ಗ ರಾಟೆಯಿಂದ ಹೊರಬಿದ್ದಿತ್ತು, ಅದನ್ನು ಸರಿಮಾಡಲು ಅವರು ಗೋಡೆಯ ಹಿಂದಿನ ಮೆಟ್ಟಿಲು ಹತ್ತಿ ನಿಂತಿದ್ದರು. ಮಾಚಯ್ಯನವರು ತಮ್ಮ ಅಂಗಿ ಬಿಚ್ಚಿ ಗಾಯಕ್ಕೆ ಒತ್ತಿಹಿಡಿದು ಜೀಪಿನಲ್ಲಿ ಹಾಗೇ ಕೂತರು. ಎತ್ತುವ ಗಡಿಬಿಡಿಯಲ್ಲಿ ಬಿದಿರು ಮುರಿದು, ಬಾವುಟ ಗುಂಡಿಯಲ್ಲಿ ಕಾಲಡಿ ಸಿಕ್ಕಿ ಮಣ್ಣಾಗಿ ಬಿದ್ದಿತ್ತು. ಓಡುವ ಭರದಲ್ಲಿ ಯಾರೂ ಅದರ ಕಡೆ ನೋಡಿರಲಿಲ್ಲ, ಅದು ನಿಂತಿದ್ದನ್ನು ಕಂಡವಳು ನಾನೊಬ್ಬಳೇ.

ಹೊಸೂರಿನ ಆಸ್ಪತ್ರೆಯಿಂದ ಬೆಂಗಳೂರಿಗೆ ಕಳಿಸಿದರು. ಆಪರೇಷನ್ ಕೋಣೆಯ ಹೊರಗೆ ಮಾಚಯ್ಯ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಬನಿಯನ್ನಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು.

“ರಿಂಗು ತಿರುಗಿಸಿ ನೋಡಿದ್ರಾ?”

“ಹೂಂ ಸಾರ್.”

“ಬಾವುಟ ಇತ್ತಾ?”

“ಕಾಣಲಿಲ್ಲ ಸಾರ್.”

ಅವರು ತಲೆಯಾಡಿಸಿದರು. ಮತ್ತೆ ಕೇಳಲಿಲ್ಲ. ಮರುದಿನ ಪೊಲೀಸ್ ಸ್ಟೇಷನ್ನಿನಲ್ಲಿ ಬರೆಯುವ ಪೇದೆ ಕೇಳಿದಾಗಲೂ ನಾನು ಅದನ್ನೇ ಹೇಳಿದೆ. ತಮಿಳಿನಲ್ಲಿ ‘ಕೊಡಿ ತೆರಿಯಲೆ’ ಎಂದೆ. ಬಾವುಟ ಕಾಣಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಕ್ಲಬ್ಬಿನ ಕಾರ್ಯದರ್ಶಿ ಸಮಾಧಾನದಿಂದ ಉಸಿರುಬಿಟ್ಟರು. ಆ ಮನುಷ್ಯ ಭಾನುವಾರ ಬೆಳಿಗ್ಗೆಯೇ ಹೆಂಡ ಹಾಕಿಕೊಂಡು ಬರುತ್ತಿದ್ದ, ಎಷ್ಟು ಸಲ ಎಚ್ಚರಿಕೆ ಕೊಟ್ಟೆವು ಎಂದು ಅವರು ಹೇಳಿದರು. ಮೂರು ತಿಂಗಳು ಒಂದೇ ಮರದ ಕೆಳಗೆ ಉಂಡಿದ್ದೆ. ಮುನಿಯಪ್ಪನವರ ಬಾಯಲ್ಲಿ ನನಗೆ ಎಂದೂ ಎಲೆಅಡಿಕೆಯ ವಾಸನೆಯಲ್ಲದೆ ಬೇರೆ ಬಂದಿರಲಿಲ್ಲ. ಹಾಗಲ್ಲ ಎನ್ನಲು ಬಾಯಿ ತೆರೆದೆ. ಆಗ ಪೇದೆ ಕಾಗದ ತಿರುಗಿಸಿ ಸಹಿಯ ಜಾಗ ತೋರಿಸಿದ. ಸಹಿ ಹಾಕಿದೆ.

ಆರನೇ ದಿನ ನಾನು ಆಸ್ಪತ್ರೆಗೆ ಹೋದೆ. ಹೋಗಲೇಬಾರದು ಎಂದುಕೊಂಡಿದ್ದವಳು ಕಾರ್ಖಾನೆಗೆ ರಜೆ ಹಾಕಿ, ಗಡಿಯ ಜೂಜುವಾಡಿ ಚೆಕ್‌ಪೋಸ್ಟಿನ ಲಾರಿಗಳ ಸಾಲಿನಲ್ಲಿ ಬಸ್ಸು ಒಂದು ಗಂಟೆ ನಿಂತರೂ ಇಳಿದು ಹಿಂದಿರುಗದೆ ಹೋದೆ. ಹೆಂಡತಿ ಚಿನ್ನಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಗಟ್ಟಿ ಮೈಕಟ್ಟಿನ, ಕಡಿಮೆ ಮಾತಿನ ಹೆಂಗಸು. ನಾನು ಯಾರೆಂದು ಹೇಳಿದೆ. “ನೀನೇನಾ ಕೊಳ್ವೆ ನೋಡೋಳು,” ಎಂದರು. ನರ್ಸ್ ಚೀಟಿ ಕೊಟ್ಟಳೆಂದು ಔಷಧಿ ತರಲು ಹೊರಗೆ ಹೋದರು.

ಮುನಿಯಪ್ಪ ಕಣ್ಣು ಬಿಟ್ಟಿದ್ದರು. ಎರಡು ಮಾತಿಗೊಮ್ಮೆ ಉಸಿರು ಹುಡುಕುತ್ತಿದ್ದರು.

“ಅಮ್ಮಣ್ಣಿ… ಬಾವ್ಟ ಎತ್ತಿದ್ನಲ್ವಾ ನಾನು?”

ನಾನು ಮಂಚದ ಕಂಬಿ ಹಿಡಿದುಕೊಂಡೆ.

“ಎತ್ತಿದಂಗೇ ನೆಪ್ಪು. ಗಾಳೀಲಿ ಪಟಪಟ ಅಂತಿತ್ತು. ಎತ್ತಿ ನೆಟ್ಟು, ಆಮೇಕೆ ಹತ್ದೆ. ಆದ್ರೆ ಎಲ್ರೂ ಇಲ್ಲ ಅಂತಾರೆ. ಪೋಲೀಸ್ನೋರೂ ಅಂದ್ರು. ನೀನು ನೋಡಿರ್ತೀಯ. ಹೇಳು.”

ಅವರು ಎತ್ತಿದಾಗ ಗಾಳಿ ಇತ್ತು. ಕಾದ ಆ ಮೂರು ನಿಮಿಷದಲ್ಲಿ ಒಂದೇ ಒಂದು ಸಲ ರಿಂಗು ತಿರುಗಿಸಿದ್ದರೆ ಹಾರುವ ಬಾವುಟ ಕಣ್ತುಂಬ ಕಾಣುತ್ತಿತ್ತು. ಅದು ನನಗೆ ಅಲ್ಲಿಯೇ, ಆ ಮಂಚದ ಕಂಬಿ ಹಿಡಿದು ನಿಂತಿದ್ದಾಗ ಗೊತ್ತಾಯಿತು. ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಪೊಲೀಸರಿರಲಿಲ್ಲ, ಕಾರ್ಯದರ್ಶಿ ಇರಲಿಲ್ಲ. ಅವರು ಬೈಯಲು ಕೇಳುತ್ತಿರಲಿಲ್ಲ. ತಮ್ಮ ನೆನಪು ಸರಿಯಿದೆಯೇ ಎಂದಷ್ಟೇ ಕೇಳುತ್ತಿದ್ದರು.

“ಕಾಣಲಿಲ್ಲ ಅಣ್ಣ,” ಎಂದೆ.

ಅವರು ಸೂರಿನ ಫ್ಯಾನಿನ ಕಡೆ ಕಣ್ಣು ತಿರುಗಿಸಿದರು. “ಹಂಗಾದ್ರೆ ಎತ್ತಿರಾಕಿಲ್ಲ ಬುಡು,” ಎಂದರು. “ತಪ್ಪು ನಂದೇ. ಮಾಚಯ್ಯ ಸಾಬ್ರಿಗೆ ಹೇಳು, ಮನ್ಸಿಗೆ ಹಚ್ಕೋಬೇಡಿ ಅಂತ.”

ಹತ್ತನೇ ದಿನ ಗಾಯ ನಂಜಾಗಿ ಅವರು ತೀರಿಕೊಂಡರು. ಮಣ್ಣು ಮಾಡಿದ ಸಂಜೆ ಆ ವರ್ಷದ ಮೊದಲ ಮಳೆ ಬಿತ್ತು, ಆಲಿಕಲ್ಲು ಸಮೇತ. ನಾನು ಅಲ್ಲಿರಲಿಲ್ಲ. ಮೂಕಂಡಪಲ್ಲಿಯ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಕುಪ್ಪದ ಹುಡುಗಿ ಅನ್ನ ಕಲಸಿ ತಂದು ಬಾಯಿಗಿಟ್ಟಳು, ನುಂಗಲಾಗಲಿಲ್ಲ. ಕೆಲಸದಲ್ಲಿ ಒಳ್ಳೆಯ ಪಿನ್ನುಗಳನ್ನು ತಿರಸ್ಕರಿಸಿ ಬಿರುಕು ಬಿಟ್ಟವನ್ನು ದಾಟಿಸುತ್ತಿದ್ದೆ. ಎರಡು ಸಲ ಮೇಲಿನವರು ಕರೆದು ಗದರಿದರು. ಲೆನ್ಸಿಗೆ ಕಣ್ಣಿಟ್ಟರೆ ಸಾಕು, ಚೌಕಟ್ಟಿನ ಅಂಚಿನ ಬೆರಳುಗಳು ಬರುತ್ತಿದ್ದವು.

ಮೇ ಕೊನೆಯಲ್ಲಿ ಗೇಟಿನ ಪಕ್ಕದ ಮಾಚಯ್ಯನವರ ಕೋಣೆಗೆ ಹೋದೆ. ಅವರು ಆಗಲೇ ರಾಜೀನಾಮೆ ಬರೆದುಕೊಟ್ಟಿದ್ದರು, ಬಂದೂಕು ಪೊಲೀಸರ ವಶದಲ್ಲಿತ್ತು. ಒಂದೇ ತಿಂಗಳಲ್ಲಿ ಹತ್ತು ವರ್ಷ ಮುದುಕರಾಗಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ರಿಂಗು ತಿರುಗಿಸಲಿಲ್ಲ ಎಂದೆ. ಗುಂಡು ಹಾರಿದ ಮೇಲೆ ತಿರುಗಿಸಿದೆ, ಬಾವುಟ ಇತ್ತು ಎಂದೆ. ಮುನಿಯಪ್ಪ ಕೇಳಿದ್ದು, ನಾನು ಹೇಳಿದ್ದು, ಅದನ್ನೂ ಬಿಡಲಿಲ್ಲ.

ಅವರು ಮೇಜಿನ ಮೇಲಿನ ಹಾಜರಿ ಪುಸ್ತಕವನ್ನು ಮುಚ್ಚಿಟ್ಟರು. ಬೈಯುತ್ತಾರೆ ಎಂದು ಕಾದೆ, ಬೈದರೆ ಸಾಕು ಎನಿಸಿತ್ತು.

“ಅಷ್ಟು ಹೊತ್ತು ಕಾದ ಮೇಲೆ ಬಾವುಟ ನೋಡಿ ಅಂತ ನಾನೇ ಒಂದು ಮಾತು ಹೇಳಬೇಕಿತ್ತು,” ಎಂದರು ಕೊನೆಗೆ. “ಕುದಿ ತಪ್ಪಿಹೋದೀತು ಅಂತ ನನಗೂ ಇತ್ತು.” ಆಮೇಲೆ ಎದ್ದು ಟೋಪಿ ತೆಗೆದುಕೊಂಡರು. “ನಡೀರಿ. ಸ್ಟೇಷನ್ನಿಗೆ ಹೋಗೋಣ.”

ಪೇದೆಗೆ ಸಿಟ್ಟು ಬಂತು. ಬರೆದಾಗಿದೆ, ಮೇಲಕ್ಕೆ ಹೋಗಿದೆ, ಈಗ ಬಂದು ಬದಲಾಯಿಸು ಎಂದರೆ ಹೇಗೆ ಎಂದ. ಮಾಚಯ್ಯನವರು ಬೆಂಚಿನ ಮೇಲೆ ಕೂತರು. ಬರೆಯುವವರೆಗೂ ಏಳುವುದಿಲ್ಲ ಎಂದರು. ಮಧ್ಯಾಹ್ನ ಮೂರಕ್ಕೆ ಇನ್ಸ್‌ಪೆಕ್ಟರು ಬಂದು ಹೊಸ ಹೇಳಿಕೆ ಬರೆಸಿಕೊಂಡರು. ‘ತೆರಿಯಲೆ’ ಎಂಬುದನ್ನು ಹೊಡೆದುಹಾಕಿ ‘ಪಾಕ್ಕಲೆ’ ಎಂದು ಬರೆಯಿರಿ ಎಂದೆ. ಕಾಣಲಿಲ್ಲ ಅಲ್ಲ, ನೋಡಲಿಲ್ಲ. ಕೇಸು ಮುಂದೆ ವರ್ಷಗಟ್ಟಲೆ ನಡೆಯಿತು. ನಾನು ಕೋರ್ಟಿನಲ್ಲೂ ಅದನ್ನೇ ಹೇಳಿದೆ. ಮಾಚಯ್ಯ ವಕೀಲರ ಮಾತು ಕೇಳದೆ ತಪ್ಪೊಪ್ಪಿಕೊಂಡರು, ಶಿಕ್ಷೆ ಅನುಭವಿಸಿ ಊರಿಗೆ ಹೋದರು. ಕ್ಲಬ್ಬು ಆ ಜೂನಿನಲ್ಲೇ ಮುಚ್ಚಿತ್ತು. ಅದೆಲ್ಲ ಆಮೇಲಿನ ಮಾತು.

ಹೊಸ ಹೇಳಿಕೆ ಕೊಟ್ಟ ಮೂರನೇ ದಿನ ನಾನು ಒಬ್ಬಳೇ ಮುನಿಯಪ್ಪನವರ ಊರಿಗೆ ಹೋದೆ. ಮಾಚಯ್ಯ ತಾವೂ ಬರುತ್ತೇನೆ ಎಂದಿದ್ದರು, ನಾನೇ ಬೇಡವೆಂದೆ. ಸಂಜೆ ಐದು ಗಂಟೆ ಇದ್ದೀತು. ಚಿನ್ನಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ಕೂತುಕೋ ಎನ್ನಲಿಲ್ಲ. ಹಸುವಿನ ಹೊಟ್ಟೆಗೆ ಹಣೆ ಆನಿಸಿ ಕರೆಯುತ್ತಲೇ ಕೇಳಿಸಿಕೊಂಡರು. ಬಾವುಟದ ಮಾತು ಬಂದಾಗ ಅವರ ಕೈ ನಿಂತಿತು.

“ಎತ್ತಿದ್ನಾ?”

“ಎತ್ತಿದ್ರು ಅಕ್ಕ.”

“ಸಾಯೋಕ್ಮುಂಚೆ ನಿನ್ನ ಕೇಳಿದ್ನಾ?”

“ಕೇಳಿದ್ರು.”

“ಏನಂದೆ?”

“ಕಾಣಲಿಲ್ಲ ಅಂದೆ.”

ಹಾಲು ಮತ್ತೆ ಪಾತ್ರೆಗೆ ಬೀಳುವ ಸದ್ದು ಶುರುವಾಯಿತು. ಪೂರ್ತಿ ಕರೆದು ಮುಗಿಸುವವರೆಗೂ ಅವರು ತಲೆಯೆತ್ತಲಿಲ್ಲ. ನಾನು ಬಾಗಿಲ ಪಕ್ಕ ನಿಂತೇ ಇದ್ದೆ. ಮುಗಿದ ಮೇಲೆ ಎದ್ದು ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಮುಖ ನೋಡಿದರು.

“ಆಸ್ಪತ್ರೇಲಿ ಒಂದೇ ಮಾತು ಅವ್ನ್ದು. ನಾನು ಕುಡ್ದಿರ್ಲಿಲ್ಲ ಕಣೆ ಚಿನ್ನಿ, ಆದ್ರೂ ಬಾವ್ಟ ಹೆಂಗೆ ಮರ್ತೆ, ಹೆಂಗೆ ಮರ್ತೆ ಅಂತ. ನೀನು ಬಂದೋದ್ಮೇಕೆ ಅದೂ ನಿಲ್ಲಿಸ್ಬುಟ್ಟ.”

“ಸ್ಟೇಷನ್ನಲ್ಲಿ ಈಗ ಸರಿಯಾಗಿ ಬರ್ಸಿದ್ದೀನಿ ಅಕ್ಕ.”

“ಸ್ಟ್ಯೇಸನ್ನಲ್ಲಿ ಬರ್ದಿದ್ದು ಸ್ಟ್ಯೇಸನ್ನಲ್ಲೇ ಇರ್ತದೆ. ಊರೋರು ಕುಡ್ದು ಸತ್ತ ಅಂತಾವ್ರೆ. ನನ್ನ ನಾದ್ನೀರೇ ಅಂತಾರೆ.” ಹಾಲಿನ ಕ್ಯಾನಿನ ಮುಚ್ಚಳ ಬಡಿದರು. “ಡೈರಿಗೆ ಹೊಂಟಿದೀನಿ. ಬಾ. ಅಲ್ಲಿ ಎಲ್ರೂ ಇರ್ತಾರೆ. ಅಲ್ಲಿ ಹೇಳು.”

ಹಾಲಿನ ಸೊಸೈಟಿ ಊರ ನಡುವೆ, ಒಂದು ತಗಡಿನ ಮಾಡಿನ ಕೆಳಗೆ. ಇಪ್ಪತ್ತು ಮೂವತ್ತು ಜನ ಕ್ಯಾನು, ತಂಬಿಗೆ ಹಿಡಿದು ಸಾಲಿನಲ್ಲಿದ್ದರು. ಚಿನ್ನಮ್ಮನನ್ನು ನೋಡಿ ಮಾತು ತಗ್ಗಿತು. ಅವರು ಸಾಲಿನ ಕೊನೆಗೆ ಹೋಗಿ ನಿಂತು, ಕ್ಯಾನು ಕೆಳಗಿಟ್ಟರು.

“ಈ ಹುಡ್ಗಿ ಏನೋ ಹೇಳ್ತದಂತೆ. ಕೇಳ್ರಿ.”

ಎಲ್ಲರೂ ತಿರುಗಿದರು. ಮುನಿಯಪ್ಪಣ್ಣ ಕುಡಿದಿರಲಿಲ್ಲ ಎಂದೆ. ಬಾವುಟ ಎತ್ತಿದ್ದರು ಎಂದೆ. ನೋಡುವುದು ನನ್ನ ಕೆಲಸವಾಗಿತ್ತು, ನಾನು ನೋಡಲಿಲ್ಲ, ನೋಡದೆಯೇ ‘ಸರಿ’ ಅಂದುಬಿಟ್ಟೆ, ಆಮೇಲೆ ಕಾಣಲಿಲ್ಲ ಎಂದು ಸುಳ್ಳು ಹೇಳಿದೆ, ಎಂದೆ. ಮುಂದೆ ನಿಂತಿದ್ದ ಒಬ್ಬ ಯಾರಿಗೋ ಏನೋ ಪಿಸುಗುಟ್ಟಿದ. “ಸುಮ್ಕಿರ್ಲಾ,” ಎಂದು ಒಬ್ಬ ಮುದುಕ ಗದರಿದ.

ಚಿನ್ನಮ್ಮ ಸಾಲಿನ ಉದ್ದಕ್ಕೂ ಕಣ್ಣಾಡಿಸಿದರು.

“ತೆಲುಗ್ನೋರವ್ರೆ. ತೆಲುಗಲ್ಲೂ ಹೇಳು.”

ತೆಲುಗಿನಲ್ಲಿ ಹೇಳಿದೆ. ಅದು ನನ್ನ ತಾಯಿಯ ಕಡೆಯ ಮಾತು, ಸುಲಭವಾಗಿ ಬರಬೇಕಿತ್ತು. ‘ನೇನು ಚೂಡಲೇದು’, ನಾನು ನೋಡಲಿಲ್ಲ, ಎನ್ನುವುದನ್ನು ಎರಡು ಸಲ ಹೇಳಬೇಕಾಯಿತು.

“ತಮಿಳ್ನಲ್ಲಿ.”

ತಮಿಳಿನಲ್ಲಿ ನನಗೆ ಬರುತ್ತಿದ್ದದ್ದು ಕಾರ್ಖಾನೆಯ ನಾಲ್ಕು ಮಾತು. ಅವರು ಕುಡಿದಿರಲಿಲ್ಲ, ಬಾವುಟ ಎತ್ತಿದ್ದರು, ನಾನು ನೋಡಲಿಲ್ಲ. ಅಷ್ಟೇ ಹೇಳಿದೆ. ಮೂರೇ ವಾಕ್ಯ. ತಪ್ಪು ತಪ್ಪಾಗಿ. ಯಾರೂ ನಗಲಿಲ್ಲ. ಮಾಡಿನ ಕೆಳಗೆ ಹಾಲು ಅಳೆಯುವವನು ಕೈಯಲ್ಲಿ ಅಳತೆಯ ಪಾತ್ರೆ ಹಿಡಿದು ಹಾಗೇ ನಿಂತಿದ್ದ.

ಚಿನ್ನಮ್ಮ ಬಾಗಿ ಕ್ಯಾನು ಎತ್ತಿಕೊಂಡರು. “ನಡೀರಿ ಮುಂದ್ಕೆ, ಹಾಲು ಒಡ್ದೋಯ್ತದೆ,” ಎಂದರು ಸಾಲಿಗೆ. ಸಾಲು ಕದಲಿತು. ಅವರು ನನ್ನ ಕಡೆ ಮತ್ತೆ ನೋಡಲಿಲ್ಲ. ಎರಡು ಹೆಜ್ಜೆ ಮುಂದೆ ಹೋದ ಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದರು.

“ಆರೂವರೆಗೆ ಹೊಸೂರು ಬಸ್ಸು ಬತ್ತದೆ. ಹೋಗು.”